ಹೊಳೆಯ ಈಚೆ ದಡ, ಆಚೆ ದಡ: ದೆನ್‌ಎನ್‌ತೋಶಿ ರೈಲುಮಾರ್ಗದಲ್ಲಿ ಐದು ದಿನ

ಮೊದಲ ದಿನ, ಸೋಮವಾರ

ತುಮಕೂರಿನಿಂದ ಬೆಂಗಳೂರಿಗೆ ಇಪ್ಪತ್ನಾಲ್ಕು ವರ್ಷ ರೈಲಿನಲ್ಲೇ ಓಡಾಡಿ ನೌಕರಿ ಮುಗಿಸಿದವಳು ನಾನು. ತಿಂಗಳ ಪಾಸು, ಊಟದ ಡಬ್ಬಿ, ಕಿಟಕಿಯ ಪಕ್ಕದ ಜಾಗಕ್ಕಾಗಿ ಕಣ್ಣಲ್ಲೇ ನಡೆಯುವ ಪೈಪೋಟಿ, ಒಂದೇ ಬೋಗಿಯಲ್ಲಿ ಹತ್ತಾರು ವರ್ಷ ಕೂತು ಬೆಳೆದ ಸ್ನೇಹ, ಇವೆಲ್ಲ ನನ್ನ ಬದುಕಿನ ದೊಡ್ಡ ಭಾಗ. ಆದ್ದರಿಂದ ಟೋಕಿಯೊದ ಹೊರವಲಯದಲ್ಲಿ ನೆಲೆಸಿರುವ ತಂಗಿಯ ಮಗಳು ಡಿಸೆಂಬರಿನಲ್ಲಿ ಒಂದು ವಾರ ಬಂದು ಹೋಗಿ ಎಂದು ಕರೆದಾಗ, ದೇವಾಲಯ, ಉದ್ಯಾನ, ಗೋಪುರಗಳ ಪಟ್ಟಿಯನ್ನು ಬದಿಗಿಟ್ಟು, ಅವಳು ದಿನವೂ ಕೆಲಸಕ್ಕೆ ಹೋಗಿಬರುವ ರೈಲುಮಾರ್ಗವೊಂದನ್ನೇ ತುದಿಯಿಂದ ತುದಿಗೆ ನೋಡುತ್ತೇನೆ ಎಂದೆ. ಅವಳು ನಕ್ಕಳು, ಅಳಿಯಂದಿರು ಮಾತ್ರ ಗಂಭೀರವಾಗಿ ಮಾರ್ಗದ ನಕ್ಷೆಯೊಂದನ್ನು ಕಳಿಸಿಕೊಟ್ಟರು.

ಮಾರ್ಗದ ಹೆಸರು ದೆನ್‌ಎನ್‌ತೋಶಿ. ಜಪಾನೀ ಭಾಷೆಯಲ್ಲಿ ‘ದೆನ್‌ಎನ್’ ಎಂದರೆ ಹೊಲ ತೋಟಗಳ ಸೀಮೆ, ‘ತೋಶಿ’ ಎಂದರೆ ನಗರ. ತೋಕ್ಯು ಎಂಬ ಖಾಸಗಿ ಸಂಸ್ಥೆಗೆ ಸೇರಿದ ಈ ಮಾರ್ಗ ಟೋಕಿಯೊದ ಶಿಬುಯಾದಿಂದ ಹೊರಟು, ತಮಾ ನದಿಯನ್ನು ದಾಟಿ, ಕವಾಸಾಕಿ ಮತ್ತು ಯೊಕೊಹಾಮಾ ನಗರಗಳ ಗುಡ್ಡಗಾಡು ಭಾಗಗಳನ್ನು ಹಾದು, ಯಾಮಾತೊ ನಗರದ ಚುಓ ರಿಂಕಾನ್ ಎಂಬಲ್ಲಿ ಮುಗಿಯುತ್ತದೆ. ಉದ್ದ 31.5 ಕಿ.ಮೀ., ನಿಲ್ದಾಣಗಳು 27. ನಮ್ಮ ಲೆಕ್ಕದಲ್ಲಿ ತುಮಕೂರಿನ ಹಾದಿಯ ಅರ್ಧಕ್ಕಿಂತ ಕಡಿಮೆ.

ವಿಮಾನ ನಿಲ್ದಾಣದಿಂದ ಶಿಬುಯಾ ತಲುಪುವಷ್ಟರಲ್ಲಿ ಸಂಜೆಯಾಗಿತ್ತು. ನೆಲದ ಮೇಲೆ ಹೊಸ ಗಗನಚುಂಬಿಗಳು ಎದ್ದಿದ್ದರೂ, ಈ ಮಾರ್ಗದ ನಿಲ್ದಾಣ ನೆಲದಡಿಯಲ್ಲಿದೆ. ಅಲ್ಲಿ ಇಳಿದು ನೋಡಿದಾಗ ನನಗೆ ನಂಬಲಾಗಲಿಲ್ಲ. ಜಗತ್ತಿನಲ್ಲೇ ಅತಿ ದಟ್ಟಣೆಯ ನಿಲ್ದಾಣಗಳಲ್ಲಿ ಒಂದೆಂದು ಹೆಸರಾದ ಶಿಬುಯಾದಲ್ಲಿ, ಈ ಮಾರ್ಗಕ್ಕೆ ಇರುವುದು ಒಂದೇ ಒಂದು ಪ್ಲಾಟ್‌ಫಾರಂ, ಅದರ ಎರಡು ಬದಿಗೆ ಎರಡು ಹಳಿ. ಹೋಗುವ ಗಾಡಿಗೂ ಬರುವ ಗಾಡಿಗೂ ಅದೇ ಕಟ್ಟೆ. ಹತ್ತು ಬೋಗಿಯ ಗಾಡಿಯೊಂದು ಬಂದು, ಜನರನ್ನು ಇಳಿಸಿ, ಹತ್ತಿಸಿಕೊಂಡು, ಒಂದು ನಿಮಿಷವೂ ನಿಲ್ಲದೆ ಹೊರಟುಹೋಯಿತು, ಹಿಂದೆಯೇ ಇನ್ನೊಂದು. ಈ ಇಕ್ಕಟ್ಟಾದ ಕಟ್ಟೆಯೇ ಇಡೀ ಮಾರ್ಗದ ಗಂಟಲು ಎಂದು ಅಳಿಯಂದಿರು ಹೇಳಿದ್ದನ್ನು ಆಗ ಅರ್ಧ ಮಾತ್ರ ಗ್ರಹಿಸಿದೆ. ಉಳಿದರ್ಧ ಮರುದಿನ ಬೆಳಿಗ್ಗೆ ತಿಳಿಯಲಿತ್ತು.

ಎಕ್ಸ್‌ಪ್ರೆಸ್ ಗಾಡಿಯಲ್ಲಿ ಸಗಿನುಮಾಕ್ಕೆ ಬಂದು ಮನೆ ಸೇರಿದೆವು. ಸಗಿನುಮಾ ಎಂದರೆ ಅಕ್ಷರಶಃ ಬೆಳ್ಳಕ್ಕಿಗಳ ಜೌಗು. ಈಗ ಅಲ್ಲಿ ಜೌಗಿಲ್ಲ, ನಾಲ್ಕು ಹಳಿಗಳ ನಿಲ್ದಾಣವಿದೆ.

ಎರಡನೆಯ ದಿನ, ಮಂಗಳವಾರ

“ದೊಡ್ಡಮ್ಮ, ಎಂಟರ ಗಾಡಿ ಬೇಡ, ಹತ್ತರ ಮೇಲೆ ನಿಧಾನವಾಗಿ ಹೊರಡಿ” ಎಂದು ಮಗಳು ಎರಡು ಬಾರಿ ಹೇಳಿದಳು. ನಾನು ಒಪ್ಪಲಿಲ್ಲ. ನಿತ್ಯ ಪ್ರಯಾಣಿಕರ ಮಾರ್ಗವನ್ನು ಹತ್ತು ಗಂಟೆಯ ಮೇಲೆ ನೋಡುವುದೆಂದರೆ ಜಾತ್ರೆ ಮುಗಿದ ಮೇಲೆ ತೇರು ನೋಡಲು ಹೋದ ಹಾಗೆ.

ಸಗಿನುಮಾದ ಕಟ್ಟೆಯ ಮೇಲೆ ಜನ ನೆಲದ ಗುರುತುಗಳ ಮೇಲೆ ಸಾಲಾಗಿ ನಿಂತಿದ್ದರು. ಹಳಿಯ ಅಂಚಿನುದ್ದಕ್ಕೂ ಎದೆಯೆತ್ತರದ ಗೋಡೆ, ಅದರಲ್ಲಿ ಗಾಡಿಯ ಬಾಗಿಲಿಗೆ ಸರಿಯಾಗಿ ತೆರೆಯುವ ಬಾಗಿಲುಗಳು. ಲೋಕಲ್ ಗಾಡಿಯೊಂದು ಒಳಹಳಿಯಲ್ಲಿ ಕಾದು ನಿಂತಿತ್ತು. ಎದುರಿನ ಹಳಿಗೆ ಸೆಮಿ ಎಕ್ಸ್‌ಪ್ರೆಸ್ ಬಂದಾಗ ಅರ್ಧ ಜನ ಅಲ್ಲಿಂದ ಇಲ್ಲಿಗೆ ದಾಟಿದರು. ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಮಹಿಳೆಯರಿಗೇ ಮೀಸಲಾದ ಬೋಗಿಯೂ ಉಂಟು. ನಾವಿಬ್ಬರೂ ಅದನ್ನೇ ಹತ್ತಿದೆವು.

ನೂಕುನುಗ್ಗಲನ್ನು ಅಳೆಯಲು ಜಪಾನಿನವರಲ್ಲಿ ಒಂದು ಅಧಿಕೃತ ಅಳತೆಗೋಲಿದೆ. ಕೂರುವವರು ಕೂತು, ನಿಂತವರಿಗೆಲ್ಲ ಹಿಡಿಯಲು ಒಂದು ಹಿಡಿಕೆಯೋ ಕಂಬವೋ ಸಿಕ್ಕರೆ ಅದು ಶೇ. 100. ದಿನಪತ್ರಿಕೆಯನ್ನು ಬಿಡಿಸಿ ಆರಾಮವಾಗಿ ಓದಲು ಸಾಧ್ಯವಾದರೆ 150. ಮಡಿಸಿಕೊಂಡು ಕಷ್ಟಪಟ್ಟು ಓದಬಹುದಾದರೆ 180. ಮೈಗೆ ಮೈ ಒತ್ತಿ, ವಾರಪತ್ರಿಕೆಯನ್ನಷ್ಟೇ ಹೇಗೋ ಹಿಡಿದು ಓದಬಹುದಾದರೆ 200. ಗಾಡಿ ವಾಲಿದಾಗ ಕೈಯನ್ನೂ ಆಡಿಸಲಾಗದಿದ್ದರೆ 250. ಕಚೇರಿಯ ಕಡತದಲ್ಲಿ ಇಂಥ ಅಳತೆಗೋಲನ್ನು ಬರೆದವರು ಸ್ವತಃ ಪತ್ರಿಕೆ ಹಿಡಿದು ಗಾಡಿಯಲ್ಲಿ ನಿಂತಿರಬೇಕು ಎಂದು ನನಗೆ ಅನ್ನಿಸಿತು. ಈ ಮಾರ್ಗದಲ್ಲಿ ಅತಿ ಹೆಚ್ಚು ಒತ್ತಡ ಬೀಳುವುದು ಬೆಳಿಗ್ಗೆ ಇಕೆಜಿರಿ ಓಹಾಶಿ ಮತ್ತು ಶಿಬುಯಾ ನಡುವಿನ ಕೊನೆಯ ತುಂಡಿನಲ್ಲಿ. ಈ ಶತಮಾನದ ಆರಂಭದ ವರ್ಷಗಳಲ್ಲಿ ಅಲ್ಲಿ ಒತ್ತಡ ಶೇ. 200ರ ಆಸುಪಾಸಿನಲ್ಲಿತ್ತು, 2019ರಲ್ಲೂ 180 ದಾಟಿತ್ತು. ಕೊರೊನಾ ವರ್ಷಗಳಲ್ಲಿ ಮನೆಯಿಂದಲೇ ಕೆಲಸ ಮಾಡುವ ರೂಢಿ ಬಂದು ಅದು ತಟ್ಟನೆ ಇಳಿಯಿತು, ಮತ್ತೆ ಹಳೆಯ ಮಟ್ಟಕ್ಕೆ ಏರಿಲ್ಲ. ನಾನು ಕಂಡಂತೆ ಆ ದಿನ ಪತ್ರಿಕೆ ಬಿಡಿಸಿ ಓದಬಹುದಾಗಿತ್ತು, ಆದರೆ ಯಾರ ಕೈಯಲ್ಲೂ ಪತ್ರಿಕೆ ಇರಲಿಲ್ಲ. ಎಲ್ಲರ ಕೈಯಲ್ಲೂ ಫೋನಿತ್ತು.

ಒತ್ತಡ ತಗ್ಗಿಸಲು ಸಂಸ್ಥೆಯವರು ಮಾಡಿದ ಪ್ರಯೋಗಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಉಳಿದಿದೆ. ಹಿಂದೆ ಬೆಳಗಿನ ಎಕ್ಸ್‌ಪ್ರೆಸ್ ಗಾಡಿಗಳು ನದಿ ದಾಟಿದ ಮೇಲೂ ಹಲವು ನಿಲ್ದಾಣಗಳನ್ನು ಬಿಟ್ಟು ಓಡುತ್ತಿದ್ದವು. ಬೇಗ ತಲುಪುವ ಆಸೆಗೆ ಎಲ್ಲರೂ ಅವನ್ನೇ ಹತ್ತಿ, ಎಕ್ಸ್‌ಪ್ರೆಸ್‌ನಲ್ಲಿ ಉಸಿರು ಕಟ್ಟುವಷ್ಟು ಜನ, ಲೋಕಲ್‌ನಲ್ಲಿ ಅಷ್ಟಿಲ್ಲ ಎಂಬಂತಾಗಿತ್ತು. ತುಂಬಿದ ಎಕ್ಸ್‌ಪ್ರೆಸ್‌ನಿಂದ ಶಿಬುಯಾದಲ್ಲಿ ಜನ ಇಳಿಯಲು ಹೊತ್ತಾಗಿ, ಹಿಂದಿನ ಗಾಡಿಗಳೆಲ್ಲ ಸುರಂಗದಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. 2007ರ ಏಪ್ರಿಲ್‌ನಲ್ಲಿ ದಟ್ಟಣೆಯ ಹೊತ್ತಿನ ಎಕ್ಸ್‌ಪ್ರೆಸ್‌ಗಳನ್ನು ಸೆಮಿ ಎಕ್ಸ್‌ಪ್ರೆಸ್‌ಗಳಾಗಿಸಿ, ಫುತಾಕೊ ತಮಾಗಾವಾದಿಂದ ಶಿಬುಯಾವರೆಗೆ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವಂತೆ ಮಾಡಿದರು. ವೇಗದ ಗಾಡಿಯನ್ನು ನಿಧಾನಗೊಳಿಸಿದ್ದರಿಂದ ಜನ ಎಲ್ಲ ಗಾಡಿಗಳಿಗೂ ಸಮನಾಗಿ ಹಂಚಿಹೋಗಿ, ಒಟ್ಟು ಓಟ ಸರಾಗವಾಯಿತು. ಕೆಲವು ಬೋಗಿಗಳಿಗೆ ಬದಿಗೆ ನಾಲ್ಕರ ಬದಲು ಆರು ಬಾಗಿಲುಗಳನ್ನಿಟ್ಟು, ಬೆಳಗಿನ ಹೊತ್ತು ಆಸನಗಳನ್ನೇ ಮಡಿಸಿಡುವ ಏರ್ಪಾಡನ್ನು 2005ರಿಂದ ನಡೆಸಿದ್ದರು. ಕಟ್ಟೆಗೆ ಗೋಡೆಬಾಗಿಲು ಬರಬೇಕಾದಾಗ ಬಾಗಿಲುಗಳ ಸಂಖ್ಯೆ ಒಂದೇ ಆಗಿರಬೇಕಾದ್ದರಿಂದ ಆ ಬೋಗಿಗಳನ್ನು 2017ರ ಹೊತ್ತಿಗೆ ತೆಗೆದುಹಾಕಿದರು.

ಸುರಂಗದೊಳಗೆ ಲೋಕಲ್ ಗಾಡಿಯೊಂದು ಬದಿಗೆ ಸರಿದು ವೇಗದ ಗಾಡಿಗೆ ದಾರಿ ಬಿಡಬಹುದಾದ ಜಾಗ ಸಕುರಾ ಶಿಮ್ಮಾಚಿ ಒಂದೇ. ಅಲ್ಲೂ ರಸ್ತೆ ಕಿರಿದಾದ್ದರಿಂದ ಹೋಗುವ ಹಳಿಗಳನ್ನೂ ಬರುವ ಹಳಿಗಳನ್ನೂ ಅಕ್ಕಪಕ್ಕ ಹಾಕಲಾಗದೆ ಒಂದರ ಮೇಲೊಂದು ಎರಡು ಅಂತಸ್ತಿನಲ್ಲಿ ಹಾಕಿದ್ದಾರೆ. ಇದಕ್ಕೆಲ್ಲ ಕಾರಣವೇನೆಂದು ತಿಳಿಯಲು ಮಗಳನ್ನು ಅವಳ ಕಚೇರಿಗೆ ಕಳಿಸಿ, ನಾನು ಶಿಬುಯಾದಿಂದ ಹಿಂತಿರುಗಿ ಎರಡು ನಿಲ್ದಾಣ ದಾಟಿ ಸಂಗೆನ್ ಜಾಯಾದಲ್ಲಿ ಇಳಿದೆ.

ಸಂಗೆನ್ ಜಾಯಾ ಎಂದರೆ ಮೂರು ಚಹದಂಗಡಿ. ಹಳೆಯ ಓಯಾಮಾ ಯಾತ್ರೆಯ ಹಾದಿ ಕವಲೊಡೆಯುವಲ್ಲಿ ಅಂಥ ಅಂಗಡಿಗಳಿದ್ದವು. ಮೇಲೆ ಬಂದು ನಿಂತರೆ ಕಾಣುವುದು 246ನೆಯ ರಾಷ್ಟ್ರೀಯ ಹೆದ್ದಾರಿ, ಅದರ ನೆತ್ತಿಯ ಮೇಲೆ ಕಂಬಗಳ ಮೇಲೆ ಹಾದುಹೋದ ಎಕ್ಸ್‌ಪ್ರೆಸ್‌ವೇ, ಕೆಳಗೆ ನನ್ನ ಕಾಲಡಿಯಲ್ಲಿ ರೈಲು. ಈ ರಸ್ತೆಯ ಮೇಲೆಯೇ 1907ರಲ್ಲಿ ಶಿಬುಯಾದಿಂದ ತಮಾ ನದಿಯ ದಡದವರೆಗೆ ಟ್ರಾಮ್ ಓಡತೊಡಗಿತು. ಜನರನ್ನು ಒಯ್ಯುವುದರ ಜೊತೆಗೆ ನದಿಯ ಜಲ್ಲಿಯನ್ನು ಬೆಳೆಯುತ್ತಿದ್ದ ಟೋಕಿಯೊಗೆ ಸಾಗಿಸುವುದೂ ಅದರ ಉದ್ದೇಶವಾಗಿದ್ದರಿಂದ ಜನ ಅದನ್ನು ಜಲ್ಲಿ ಗಾಡಿ ಎಂದೇ ಕರೆಯುತ್ತಿದ್ದರು. ಮುಂದೆ ಪ್ರೀತಿಯಿಂದ ತಮಾದೆನ್ ಎಂದರು. ಮೋಟಾರು ವಾಹನ ಹೆಚ್ಚಿ, ಮೇಲೆ ಎಕ್ಸ್‌ಪ್ರೆಸ್‌ವೇ ಕಟ್ಟಬೇಕಾಗಿ ಬಂದಾಗ 1969ರ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಅದರ ಬದಲಿಗೆ ನೆಲದಡಿಯ ರೈಲು ಬಂದದ್ದು 1977ರ ಏಪ್ರಿಲ್ 7ರಂದು. ನಡುವಿನ ಎಂಟು ವರ್ಷ ಇಲ್ಲಿಯವರು ಬಸ್ಸನ್ನೇ ನಂಬಿ ಬದುಕಿದರು.

ಅಂದರೆ ನದಿಯ ಈಚೆಗೆ, ಟೋಕಿಯೊದ ಬದಿಯಲ್ಲಿ, ಊರು ಮೊದಲೇ ಇತ್ತು. ರೈಲು ಆಮೇಲೆ ಬಂದು, ಸಿಕ್ಕ ಸಂದಿಯಲ್ಲಿ ತನ್ನನ್ನು ತೂರಿಸಿಕೊಂಡಿತು. ಎರಡು ಹಳಿಗಿಂತ ಹೆಚ್ಚಿಗೆ ಜಾಗ ಎಲ್ಲಿಂದ ಬರಬೇಕು?

ತಮಾದೆನ್‌ನ ಒಂದು ಕವಲು ಮಾತ್ರ ರಸ್ತೆಯ ಮೇಲಲ್ಲದೆ ತನ್ನದೇ ಹಳಿದಾರಿಯಲ್ಲಿದ್ದುದರಿಂದ ಉಳಿದುಕೊಂಡಿದೆ. ಸೆತಾಗಾಯಾ ಮಾರ್ಗವೆಂಬ ಆ ಐದು ಕಿ.ಮೀ. ಉದ್ದದ ಹಾದಿಯಲ್ಲಿ ಎರಡು ಬೋಗಿಯ ಪುಟ್ಟ ಗಾಡಿ ಮನೆಗಳ ಹಿತ್ತಲಿಗೆ ಒರೆಸಿಕೊಂಡಂತೆ ಸಾಗುತ್ತದೆ. ವಾಕಾಬಾಯಾಶಿ ಎಂಬಲ್ಲಿ ಅದು ದೊಡ್ಡ ವರ್ತುಲ ರಸ್ತೆಯನ್ನು ದಾಟಬೇಕು. ಅಲ್ಲಿ ರೈಲುಗೇಟು ಇಲ್ಲ, ರೈಲೇ ಕೆಂಪು ದೀಪಕ್ಕೆ ನಿಂತು, ವಾಹನಗಳೆಲ್ಲ ಹೋದ ಮೇಲೆ ಹಸಿರು ಬಂದಾಗ ಪಾದಚಾರಿಗಳ ಜೊತೆಯಲ್ಲಿ ದಾಟುತ್ತದೆ. ಆ ನಿಲುಗಡೆಯನ್ನು ನೋಡಲೆಂದೇ ನಾನು ಮೂರು ಬಾರಿ ಅತ್ತಿಂದಿತ್ತ ಓಡಾಡಿದೆ. ಎಷ್ಟು ದೂರ ಹೋದರೂ ಒಂದೇ ದರವಾದ್ದರಿಂದ ಲೆಕ್ಕ ಸುಲಭವಾಗಿತ್ತು.

ಮೂರನೆಯ ದಿನ, ಬುಧವಾರ

ಬೆಳಿಗ್ಗೆ ಫುತಾಕೊ ತಮಾಗಾವಾ. ಶಿಬುಯಾದಿಂದ 9.4 ಕಿ.ಮೀ. ದೂರದ ಈ ನಿಲ್ದಾಣಕ್ಕೆ ಸ್ವಲ್ಪ ಮುಂಚೆ ಗಾಡಿ ಸುರಂಗದಿಂದ ಹೊರಬರುತ್ತದೆ. ಕತ್ತಲೆಯಿಂದ ಬೆಳಕಿಗೆ ಬಂದ ಕಣ್ಣಿಗೆ ಮೊದಲು ಕಾಣುವುದು ಆಕಾಶ. ಕಟ್ಟೆಯ ತುದಿ ನದಿಯ ಪಾತ್ರದ ಮೇಲೆಯೇ ಚಾಚಿಕೊಂಡಿದೆ. ಡಿಸೆಂಬರಿನ ಒಣಗಾಳಿಗೆ ಆಕಾಶ ತೊಳೆದಂತಿದ್ದು, ಪಶ್ಚಿಮದಲ್ಲಿ ಫ್ಯೂಜಿ ಪರ್ವತ ಬಿಳಿಯ ಶಿಖರದೊಡನೆ ನಿಂತಿತ್ತು. ಕಚೇರಿಗೆ ಓಡುತ್ತಿದ್ದ ಒಬ್ಬಾತ ಅರೆಗಳಿಗೆ ನಿಂತು ಅದನ್ನು ನೋಡಿ ಮತ್ತೆ ಓಡಿದರು.

ಇಲ್ಲಿಂದ ಆಚೆ ದಡಕ್ಕೆ ಮೊದಲು ರೈಲು ಬಂದದ್ದು 1927ರಲ್ಲಿ. 1925ರಲ್ಲಿ ಕಟ್ಟಿದ ಫುತಾಕೊ ರಸ್ತೆ ಸೇತುವೆಯ ಮೇಲೆಯೇ ಒಂಟಿ ಹಳಿ ಹಾಕಿ, ಗಾಡಿಯೂ ಲಾರಿಯೂ ಒಂದೇ ಸೇತುವೆಯನ್ನು ಹಂಚಿಕೊಂಡು ಮಿಜೊನೊಕುಚಿಗೆ ಹೋಗುತ್ತಿದ್ದವು. ಪ್ರತ್ಯೇಕ ರೈಲು ಸೇತುವೆ 1966ರ ಸುಮಾರಿಗೆ ಬರುವವರೆಗೂ ಅದೇ ಗತಿ. ಈಗ ಆ ಜಾಗದಲ್ಲಿ ನಾಲ್ಕು ಹಳಿಗಳಿವೆ. 2009ರ ಜುಲೈನಲ್ಲಿ ಓಯಿಮಾಚಿ ಮಾರ್ಗವನ್ನು ಮಿಜೊನೊಕುಚಿಯವರೆಗೆ ಎಳೆದು, ಶಿಬುಯಾದ ಗಂಟಲಿಗೆ ಹೋಗದೆ ಬೇರೆ ದಾರಿಯಿಂದ ನಗರ ಸೇರುವ ಅವಕಾಶ ಮಾಡಿಕೊಟ್ಟಿದ್ದಾರೆ. ನಾಲ್ಕು ಹಳಿಗೆ ಜಾಗ ಸಿಕ್ಕಿದ್ದು ಇಷ್ಟು ಮಾತ್ರ.

ಮಿಜೊನೊಕುಚಿಯಿಂದ ಮುಂದಕ್ಕೆ ಕಥೆ ತಲೆಕೆಳಗಾಗುತ್ತದೆ. ನಾನು ಇಷ್ಟು ದೂರ ಬಂದದ್ದು ಈ ಭಾಗವನ್ನು ನೋಡಲಿಕ್ಕೇ.

ಎರಡನೆಯ ಮಹಾಯುದ್ಧದ ನಂತರ ಟೋಕಿಯೊಗೆ ಜನ ಪ್ರವಾಹದಂತೆ ಬರುತ್ತಿದ್ದರೂ ತಮಾ ಬೆಟ್ಟಸಾಲಿನ ಈ ಭಾಗ ಹಳ್ಳಿಯಾಗಿಯೇ ಉಳಿದಿತ್ತು. ಗುಡ್ಡದ ಮೇಲೆ ಬಿದಿರುಮೆಳೆ, ಕಾಡು, ಗುಡ್ಡಗಳ ನಡುವಿನ ಕಿರಿದಾದ ಕಣಿವೆಗಳಲ್ಲಿ ಭತ್ತದ ಗದ್ದೆ. ಮಲೆನಾಡಿನ ಕೋವಿನ ಗದ್ದೆಗಳನ್ನು ನೋಡಿದವರಿಗೆ ಅದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ತೋಕ್ಯು ಸಂಸ್ಥೆಯ ಮುಖ್ಯಸ್ಥ ಗೋತೋ ಕೇತಾ 1953ರ ಜನವರಿಯಲ್ಲಿ ಇಲ್ಲಿನ ಭೂಮಾಲೀಕರನ್ನು ಕರೆಸಿ, ಈ ಸೀಮೆಯಲ್ಲಿ ಹೊಸ ನಗರವೊಂದನ್ನು ಕಟ್ಟುವ ತಮ್ಮ ಯೋಜನೆಯನ್ನು ಅವರ ಮುಂದಿಟ್ಟರು. ಮೊದಲು ಅವರ ಮನಸ್ಸಿನಲ್ಲಿದ್ದದ್ದು ಶಿಬುಯಾದಿಂದ ಸಮುದ್ರ ತೀರದವರೆಗೆ ಸುಂಕದ ಹೆದ್ದಾರಿ. ಅದು ಕೈಗೂಡದೆ, 1956ರಲ್ಲಿ ರೈಲುಮಾರ್ಗಕ್ಕೆ ಅರ್ಜಿ ಹಾಕಿದರು. ಕೇತಾ 1959ರಲ್ಲಿ ತೀರಿಕೊಂಡರು. ಕೆಲಸವನ್ನು ಮಗ ನೊಬೊರು ಮುಂದುವರಿಸಿ, 1966ರ ಏಪ್ರಿಲ್ 1ರಂದು ಮಿಜೊನೊಕುಚಿಯಿಂದ ನಗಾತ್ಸುತಾದವರೆಗಿನ 14.2 ಕಿ.ಮೀ. ಹಾದಿ ತೆರೆಯಿತು.

ಭೂಮಿಯನ್ನು ಹೇಗೆ ಪಡೆದರು ಎಂಬುದನ್ನು ನಾನು ಎರಡೆರಡು ಸಲ ಕೇಳಿ ತಿಳಿದುಕೊಂಡೆ, ಏಕೆಂದರೆ ಅದರಲ್ಲೇ ಈ ಊರಿನ ಗುಟ್ಟಿದೆ. ಸಂಸ್ಥೆ ಸ್ವಲ್ಪ ಭೂಮಿಯನ್ನು ನೇರವಾಗಿ ಕೊಂಡಿತು. ಆದರೆ ಬಹುಪಾಲು ಕಡೆ ಭೂಮಾಲೀಕರೇ ಸಂಘ ಕಟ್ಟಿಕೊಂಡರು. ಎಲ್ಲರ ಹೊಲ, ಗದ್ದೆ, ಕಾಡುಗಳನ್ನು ಕಾಗದದ ಮೇಲೆ ಒಂದುಗೂಡಿಸಿ, ರಸ್ತೆ, ಉದ್ಯಾನ, ಶಾಲೆಗಳಿಗೆ ಜಾಗ ಬಿಟ್ಟು, ಉಳಿದದ್ದನ್ನು ಅಚ್ಚುಕಟ್ಟಾದ ನಿವೇಶನಗಳಾಗಿ ಮರಳಿ ಹಂಚಿದರು. ಪ್ರತಿಯೊಬ್ಬರ ಪಾಲೂ ಅಳತೆಯಲ್ಲಿ ಕಡಿಮೆಯಾಯಿತು. ಆದರೆ ರಸ್ತೆಯೂ ನೀರೂ ರೈಲೂ ಇರುವ ಚಿಕ್ಕ ತುಂಡು, ದಾರಿಯಿಲ್ಲದ ದೊಡ್ಡ ಗುಡ್ಡಕ್ಕಿಂತ ಬೆಲೆಬಾಳುವುದಾಯಿತು. ಹೀಗೆ ಎಲ್ಲರ ಪಾಲಿನಿಂದ ಸ್ವಲ್ಪ ಸ್ವಲ್ಪ ಕಡಿತಗೊಳಿಸಿ ಒಂದಷ್ಟು ಭೂಮಿಯನ್ನು ಕಾದಿಟ್ಟು, ಗುಡ್ಡ ಕಡಿದು ರಸ್ತೆ ಮಾಡುವ ಕೆಲಸವನ್ನೆಲ್ಲ ಸಂಘದ ಪರವಾಗಿ ವಹಿಸಿಕೊಂಡ ಸಂಸ್ಥೆಗೆ ಖರ್ಚಿನ ಬಾಬ್ತಾಗಿ ಅದನ್ನು ಕೊಟ್ಟರು. ಕವಾಸಾಕಿಯ ನೊಗಾವಾ ಎಂಬಲ್ಲಿ 1959ರಲ್ಲಿ ಆರಂಭವಾದ ಮೊದಲ ಬಡಾವಣೆಯಿಂದ ಹಿಡಿದು ದಶಕಗಳ ಕಾಲ, ಒಂದರ ನಂತರ ಒಂದು ಸಂಘ ಸೇರಿ ಬೆಳೆದ ಈ ತಮಾ ದೆನ್‌ಎನ್‌ತೋಶಿ ಸೀಮೆ ಇಂದು ಸುಮಾರು 5,000 ಹೆಕ್ಟೇರು. ವಾಸವಿರುವವರು ಸುಮಾರು ಆರು ಲಕ್ಷ. ಖಾಸಗಿ ಸಂಸ್ಥೆಯೊಂದು ಮುಂದೆ ನಿಂತು ಇಷ್ಟು ದೊಡ್ಡ ಊರು ಕಟ್ಟಿದ್ದು ಜಪಾನಿನಲ್ಲೂ ಅಪರೂಪ.

ಇದಕ್ಕೂ ಒಂದು ಪೂರ್ವಜ ಉಂಟು. ಉದ್ಯಮಿ ಶಿಬುಸಾವಾ ಏಯಿಚಿ 1918ರಲ್ಲಿ ದೆನ್‌ಎನ್‌ತೋಶಿ ಎಂಬ ಹೆಸರಿನ ಕಂಪನಿಯನ್ನೇ ಸ್ಥಾಪಿಸಿ, ದೆನ್‌ಎನ್ ಚೋಫು ಎಂಬ ಉದ್ಯಾನ ಬಡಾವಣೆಯನ್ನು ಮಾರತೊಡಗಿದಾಗ, ಅದಕ್ಕೆ ರೈಲು ಹಾಕುವ ಹೊಣೆ ಹೊತ್ತವರು ಇದೇ ಗೋತೋ ಕೇತಾ. ಮನೆ ಮತ್ತು ರೈಲು ಒಂದನ್ನೊಂದು ಸಾಕುತ್ತವೆ ಎಂಬ ಪಾಠವನ್ನು ಅವರು ಕಲಿತದ್ದು ಅಲ್ಲಿ.

ಮಧ್ಯಾಹ್ನ ಮಿಯಾಜಾಕಿದಾಯ್ ನಿಲ್ದಾಣದ ಪಕ್ಕದಲ್ಲಿರುವ ರೈಲು ಮತ್ತು ಬಸ್ಸುಗಳ ವಸ್ತುಸಂಗ್ರಹಾಲಯಕ್ಕೆ ಹೋದೆ. ತಮಾದೆನ್‌ನ ಉರುಟುಮೈಯ ಟ್ರಾಮ್ ಒಂದು ಅಲ್ಲಿದೆ. 1955ರಲ್ಲಿ ಬಂದ ಆ ಮಾದರಿಗೆ ಜನ ಇಟ್ಟ ಅಡ್ಡಹೆಸರು ಹಸಿರುಹುಳು. ಬಣ್ಣವೂ ಆಕಾರವೂ ಹಾಗೆಯೇ ಇವೆ. ಅದರೊಳಗೆ ಕೂತಿದ್ದ ಮಕ್ಕಳಿಗೆ ತಲೆಯ ಮೇಲೆ ಹಾದುಹೋಗುತ್ತಿದ್ದ ನಿಜವಾದ ಗಾಡಿಯ ಸದ್ದೂ ಕೇಳುತ್ತಿತ್ತು.

ಸಂಜೆ ತಮಾ ಪ್ಲಾಜಾ. ನಿಲ್ದಾಣಕ್ಕೆ ಮೊದಲು ಊರಿನ ಹಳೆಯ ಹೆಸರಾದ ಮೊತೊ ಇಶಿಕಾವಾ ಎಂದೇ ಇಡಲು ಯೋಚಿಸಿದ್ದರು. ಗೋತೋ ನೊಬೊರು ಸ್ಪ್ಯಾನಿಶ್ ಭಾಷೆಯ ಪ್ಲಾಜಾ, ಅಂದರೆ ಚೌಕ, ಎಂಬ ಪದವನ್ನು ಆರಿಸಿದರು. ನಿಲ್ದಾಣದಿಂದ ಹೊರಬಂದರೆ ನಿಜಕ್ಕೂ ಚೌಕವೇ. ಅಲ್ಲಿಂದ ಉತ್ಸುಕುಶಿಗಾವೊಕಾ, ಎಂದರೆ ಚೆಲುವಿನ ಗುಡ್ಡ, ಎಂಬ ಬಡಾವಣೆಗೆ ನಡೆದೆ. ಕಾರುಗಳಿಗೆ ಒಂದು ದಾರಿ, ನಡೆಯುವವರಿಗೆ ಮನೆಗಳ ನಡುವೆ ಬೇರೊಂದು ದಾರಿ. ಮಕ್ಕಳು ಶಾಲೆಯಿಂದ ಮನೆಗೆ ಬರುವಾಗ ದೊಡ್ಡ ರಸ್ತೆಯನ್ನು ಸೇತುವೆಯ ಮೇಲಿಂದ ದಾಟುತ್ತಾರೆ. ನಿವೇಶನ ಒಡೆದು ಎತ್ತರದ ಕಟ್ಟಡ ಕಟ್ಟಬಾರದೆಂದು ನಿವಾಸಿಗಳೇ ಮುಂದಾಗಿ 1972ರಲ್ಲಿ ತಮ್ಮೊಳಗೆ ಕರಾರು ಮಾಡಿಕೊಂಡರು. ಆ ಮನೆಗಳು ಇವತ್ತಿಗೂ ತಗ್ಗಾಗಿ, ಬೇಲಿಯಂಚಿನ ಗಿಡಗಳೊಡನೆ ನಿಂತಿವೆ.

ಆದರೆ ಆ ದಾರಿಯಲ್ಲಿ ನನಗೆ ಎದುರಾದವರಲ್ಲಿ ಹೆಚ್ಚಿನವರು ನನ್ನ ವಯಸ್ಸಿನವರು, ನನಗಿಂತ ಹಿರಿಯರು. ಅರುವತ್ತು, ಎಪ್ಪತ್ತರ ದಶಕದಲ್ಲಿ ಮೂವತ್ತು ವರ್ಷದವರಾಗಿ ಬಂದು, ದಿನವೂ ಶಿಬುಯಾಕ್ಕೆ ನಿಂತು ಹೋಗಿಬಂದು ಸಾಲ ತೀರಿಸಿದವರು. ಗುಡ್ಡದ ಏರು ಈಗ ಅವರಿಗೆ ಭಾರ. ಕೈಗಾಡಿಯೊಂದನ್ನು ತಳ್ಳಿಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ಅರ್ಧ ಏರಿಗೆ ಬೆಂಚಿನ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಭಾಷೆ ಬಾರದಿದ್ದರೂ ಮೊಣಕಾಲನ್ನು ತೋರಿಸಿ ಇಬ್ಬರೂ ಮಾತಾಡಿಕೊಂಡೆವು. ಯೊಕೊಹಾಮಾ ನಗರಾಡಳಿತವೂ ತೋಕ್ಯು ಸಂಸ್ಥೆಯೂ 2012ರಲ್ಲಿ ಒಪ್ಪಂದ ಮಾಡಿಕೊಂಡು, ಮುಪ್ಪಾದ ಈ ಬಡಾವಣೆಗಳಲ್ಲಿ ನಡಿಗೆಯಳತೆಯೊಳಗೆ ಆಸ್ಪತ್ರೆ, ಅಂಗಡಿ, ಕೂಡುವ ಜಾಗಗಳಿರುವಂತೆ ಮಾಡುವ ಕೆಲಸವನ್ನು ನಿವಾಸಿಗಳೊಡನೆ ಸೇರಿ ಕೈಗೆತ್ತಿಕೊಂಡದ್ದು ಇದೇ ಕಾರಣಕ್ಕೆ.

ನಾಲ್ಕನೆಯ ದಿನ, ಗುರುವಾರ

ಬೆಳಿಗ್ಗೆ ಹೊರಡುವ ಮುನ್ನ ಮನೆಯ ಹತ್ತಿರದ ತಿರುವಿನಲ್ಲಿ ಒಂದು ಮರದ ಕಪಾಟು ಕಂಡಿತು. ಅದರಲ್ಲಿ ಮಣ್ಣು ತೊಳೆದ ಬಿಳಿ ಮೂಲಂಗಿಗಳು, ಪಕ್ಕದಲ್ಲಿ ನಾಣ್ಯದ ಡಬ್ಬಿ. ಮಾರುವವರು ಯಾರೂ ಇಲ್ಲ. ಹಿಂದೆ ನೋಡಿದರೆ ಎರಡು ಬಹುಮಹಡಿ ಕಟ್ಟಡಗಳ ನಡುವೆ ಒಂದು ತುಂಡು ಹೊಲ. ಭೂಮಿಯನ್ನು ಮರಳಿ ಹಂಚಿದಾಗ ನಿವೇಶನ ಮಾಡದೆ ಹೊಲವನ್ನೇ ಉಳಿಸಿಕೊಂಡವರು ಇಲ್ಲಿ ಇನ್ನೂ ಇದ್ದಾರೆ. ನೂರು ಯೆನ್ ಹಾಕಿ ಒಂದನ್ನು ತೆಗೆದುಕೊಂಡೆ; ರಾತ್ರಿ ಅದರ ಹುಳಿ ಮಾಡಿದೆವು. ಅಲ್ಲಿಂದ ಸ್ವಲ್ಪ ದೂರದಲ್ಲಿ ರೈಲುಗಳ ಯಾರ್ಡು. ತೋಕ್ಯು ಕಟ್ಟಿದ ಆ ಯಾರ್ಡು ಈಗ ಟೋಕಿಯೊ ಮೆಟ್ರೋ ಸಂಸ್ಥೆಗೆ ಸೇರಿದ್ದು, ನಗರದ ಒಡಲಿನ ಹಾನ್‌ಜೋಮೊನ್ ಸುರಂಗಮಾರ್ಗದ ಗಾಡಿಗಳು ರಾತ್ರಿ ಇಷ್ಟು ದೂರ ಬಂದು ಇಲ್ಲಿ ಮಲಗುತ್ತವೆ. ನಗರದ ಮಧ್ಯದಲ್ಲಿ ಯಾರ್ಡಿಗೆ ಜಾಗವಿಲ್ಲ. ಗುಡ್ಡದ ಮೇಲೆ ಇತ್ತು.

ಪಶ್ಚಿಮದ ತುದಿಗೆ ಹೊರಟೆ. ನಿಲ್ದಾಣಗಳ ಹೆಸರುಗಳನ್ನು ಮಗಳು ಅರ್ಥ ಬಿಡಿಸಿ ಚೀಟಿಯಲ್ಲಿ ಬರೆದುಕೊಟ್ಟಿದ್ದಳು: ಅಓಬಾದಾಯ್ ಎಂದರೆ ಹಸಿರೆಲೆಯ ದಿಬ್ಬ, ಫುಜಿಗಾವೊಕಾ ಎಂದರೆ ವಿಸ್ಟೀರಿಯಾ ಹೂಬಳ್ಳಿಯ ಗುಡ್ಡ. ಹಳ್ಳಿಯ ಹಳೆಯ ಹೆಸರುಗಳ ಮೇಲೆ ಹೊಸ ಊರಿನವರು ಇಟ್ಟ ಚಂದದ ಹೆಸರುಗಳಿವು. ನಗಾತ್ಸುತಾದಿಂದ ಮುಂದಕ್ಕೆ ಮಾರ್ಗ ತುಂಡುತುಂಡಾಗಿ ಬೆಳೆದಿದೆ: ತ್ಸುಕುಶಿನೊವರೆಗೆ 1968, ಸುಜುಕಾಕೆದಾಯ್‌ವರೆಗೆ 1972, ತ್ಸುಕಿಮಿನೊವರೆಗೆ 1976, ಕೊನೆಯ ಒಂದೇ ಒಂದು ನಿಲ್ದಾಣದ ದೂರ ಕ್ರಮಿಸಿ ಚುಓ ರಿಂಕಾನ್ ಮುಟ್ಟಿದ್ದು 1984ರ ಏಪ್ರಿಲ್ 9ರಂದು. ಮಿನಾಮಿ ಮಾಚಿದಾದಲ್ಲಿ ಉದ್ಯಾನವೂ ಮಾರಾಟಕೇಂದ್ರವೂ ಕೂಡಿದ ಹೊಸ ಸಂಕೀರ್ಣ ಎದ್ದು, 2019ರಲ್ಲಿ ನಿಲ್ದಾಣದ ಹೆಸರಿಗೇ ಗ್ರಾಂಡ್‌ಬೆರಿ ಪಾರ್ಕ್ ಎಂದು ಸೇರಿಸಿದ್ದಾರೆ. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆನ್ನಿಸಲಿಲ್ಲ.

ಚುಓ ರಿಂಕಾನ್‌ನ ಕಥೆ ಮಾತ್ರ ಮನಸ್ಸಿಗೆ ನಾಟಿತು. ರಿಂಕಾನ್ ಎಂದರೆ ಕಾಡಿನ ನಡುವೆ. ತೋಕ್ಯುಗೂ ಬಹಳ ಮೊದಲು, 1929ರಲ್ಲಿ, ಒದಾಕ್ಯು ಎಂಬ ಇನ್ನೊಂದು ರೈಲು ಸಂಸ್ಥೆ ಇಲ್ಲಿ ಕಾಡುನಗರವೊಂದನ್ನು ಕಟ್ಟುವ ಕನಸಿನಿಂದ ಸಾಲಾಗಿ ಮೂರು ನಿಲ್ದಾಣಗಳನ್ನು ತೆರೆದು, ಮೂರರ ಹೆಸರಿನ ಕೊನೆಗೂ ‘ನಗರ’ ಎಂದು ಸೇರಿಸಿತ್ತು. ನಗರ ಬೆಳೆಯಲಿಲ್ಲ. 1941ರಲ್ಲಿ ಹೆಸರಿನಿಂದ ಆ ಪದವನ್ನು ತೆಗೆದುಹಾಕಿದರು. ಹಳಿ ಹಾಕಿದ ಮಾತ್ರಕ್ಕೆ ಜನ ಬಂದು ನೆಲೆಸುವುದಿಲ್ಲ. ಭೂಮಾಲೀಕರ ಸಂಘ, ರಸ್ತೆ, ನೀರು, ಶಾಲೆ, ಬಸ್ಸು ಇವೆಲ್ಲವನ್ನೂ ಹಳಿಯ ಜೊತೆಗೆ ತರಬೇಕೆಂಬುದು, ನಿನ್ನೆ ನೋಡಿದ ತಮಾ ಪ್ಲಾಜಾವನ್ನೂ ಇದನ್ನೂ ಅಕ್ಕಪಕ್ಕ ಇಟ್ಟಾಗ ನನಗೆ ಸ್ಪಷ್ಟವಾಯಿತು.

ಬೆಂಗಳೂರು ನೆನಪಾಗದೆ ಇರಲಿಲ್ಲ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟು ಸುಮಾರು 148 ಕಿ.ಮೀ. ಉದ್ದದ ಉಪನಗರ ರೈಲುಮಾರ್ಗಗಳನ್ನು ನಮ್ಮಲ್ಲಿಯೂ ಕಟ್ಟಲು ಹೊರಟಿದ್ದಾರೆ. ಅವು ನದಿಯ ಈಚೆ ದಡದ ಜಾತಿಗೆ ಸೇರಿದವು: ಊರು ತುಂಬಿದ ಮೇಲೆ ಬರುತ್ತಿರುವ ರೈಲು. ಹಾಗೆಂದು ಬೇಡವೆನ್ನಲಾಗದು, ತಡವಾಗಿ ಬಂದರೂ ದಿನವೂ ಓಡಾಡುವವರಿಗೆ ಅದು ಬೇಕೇ ಬೇಕು. ಆದರೆ ಕಟ್ಟೆಯ ಅಗಲವನ್ನಾದರೂ ಮುಂದಿನ ಐವತ್ತು ವರ್ಷವನ್ನು ನೆನೆದು ಅಳೆಯಲಿ ಎಂದು ಶಿಬುಯಾವನ್ನು ಕಂಡ ಮೇಲೆ ನನ್ನ ಹಂಬಲ.

ಐದನೆಯ ದಿನ, ಶುಕ್ರವಾರ

ಕೊನೆಯ ದಿನಕ್ಕೆ ಒಂದು ಆಸೆ ಉಳಿದಿತ್ತು. 1978ರಿಂದ ಈ ಮಾರ್ಗದ ಗಾಡಿಗಳು ಶಿಬುಯಾದಲ್ಲೇ ಓಟ ಮುಗಿಸದೆ ಹಾನ್‌ಜೋಮೊನ್ ಮಾರ್ಗಕ್ಕೆ ನೇರವಾಗಿ ಹೊಕ್ಕು ನಗರದ ಮಧ್ಯಕ್ಕೆ ಹೋಗುತ್ತಿವೆ. 2003ರ ಮಾರ್ಚಿನಲ್ಲಿ ಆ ಸುರಂಗ ಒಶಿಯಾಗೆಯವರೆಗೆ ಬೆಳೆದಾಗ, ಆಚೆಗಿನ ತೋಬು ಸಂಸ್ಥೆಯ ಹಳಿಗಳಿಗೂ ಕೂಡಿಕೊಂಡಿತು. ಹೀಗಾಗಿ ಚುಓ ರಿಂಕಾನ್‌ನಲ್ಲಿ ಹತ್ತಿದವರು ಗಾಡಿ ಬದಲಿಸದೆ, ಮೂರು ಸಂಸ್ಥೆಗಳ ಹಳಿಗಳ ಮೇಲೆ, ಟೋಕಿಯೊವನ್ನು ಅಡ್ಡಲಾಗಿ ಸೀಳಿಕೊಂಡು 98.5 ಕಿ.ಮೀ. ದೂರದ ಮಿನಾಮಿ ಕುರಿಹಾಶಿಗೆ ಹೋಗಬಹುದು. ನಾನು ತುದಿಯಿಂದಲೇ ಹತ್ತಿದೆ. ಹೊಸ 2020 ಮಾಲಿಕೆಯ ಗಾಡಿ, 2018ರಿಂದ ಓಡುತ್ತಿರುವುದು. ಆಸನದ ಬೆನ್ನು ಎತ್ತರವಾಗಿತ್ತು, ಕಿಟಕಿಯ ಜಾಗ ಪೈಪೋಟಿಯಿಲ್ಲದೆ ಸಿಕ್ಕಿತು.

ಗುಡ್ಡಗಳು, ಮಿಜೊನೊಕುಚಿ, ನದಿ, ಫ್ಯೂಜಿಯ ಇನ್ನೊಂದು ನೋಟ, ಕತ್ತಲೆ. ಶಿಬುಯಾದಲ್ಲಿ ತೋಕ್ಯುವಿನ ಚಾಲಕರು ಕೈಚೀಲ ಹಿಡಿದು ಇಳಿದರು, ಮೆಟ್ರೋದವರು ಹತ್ತಿದರು. ಇಬ್ಬರೂ ಬಾಗಿ ವಂದಿಸಿ, ಎರಡು ಮಾತಾಡಿ, ಗಾಡಿಯನ್ನು ಒಪ್ಪಿಸಿಕೊಂಡರು. ಒಶಿಯಾಗೆಯಲ್ಲಿ ಮತ್ತೆ ಅದೇ ವಿಧಿ, ಈ ಸಲ ತೋಬುವಿನವರಿಗೆ. ನನ್ನ ಪಕ್ಕದಲ್ಲಿ ಮಲಗಿದ್ದ ಹುಡುಗನಿಗೆ ತನ್ನನ್ನು ಒಯ್ಯುವವರು ಎರಡು ಬಾರಿ ಬದಲಾದದ್ದು ತಿಳಿಯಲೇ ಇಲ್ಲ.

ಸುರಂಗದಿಂದ ಹೊರಬಂದು ಕಿತಾ ಸೆಂಜು ದಾಟಿದ ಮೇಲೆ ನಾಲ್ಕು ಹಳಿಗಳು ಕಂಡವು. ಒಂದು ಜೊತೆ ನಿಧಾನದ ಗಾಡಿಗೆ, ಇನ್ನೊಂದು ಜೊತೆ ವೇಗದ ಗಾಡಿಗೆ. ಕಿತಾ ಕೊಶಿಗಾಯಾದವರೆಗೆ 18.9 ಕಿ.ಮೀ., ಜಪಾನಿನ ಖಾಸಗಿ ರೈಲುಗಳಲ್ಲೇ ಅತಿ ಉದ್ದದ ನಾಲ್ಕು ಹಳಿಯ ಹಾದಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಬಯಲು ಇನ್ನೂ ಬಯಲಾಗಿದ್ದಾಗಲೇ ಹಳಿ ಹಾಕಿದ ಮಾರ್ಗವಿದು. ನಮ್ಮ ಗಾಡಿ ಲೋಕಲ್ ಒಂದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಸರಿಸಮನಾಗಿ ಓಡಿ, ಮೆಲ್ಲನೆ ಮುಂದೆ ಹೋಯಿತು. ಎದುರಿನ ಕಿಟಕಿಯಲ್ಲಿ ಕೂತಿದ್ದ ಮಗುವೊಂದು ನಮ್ಮನ್ನು ನೋಡಿ ಕೈಬೀಸಿತು. ನದಿಯ ಈಚೆ ದಡದ ಆ ಸುರಂಗಕ್ಕೆ ಇಂಥ ಎರಡು ಹಳಿ ಹೆಚ್ಚಿಗೆ ಇದ್ದಿದ್ದರೆ ಎಂದು ನಾನು ಯೋಚಿಸುತ್ತ ಕೂತೆ.

ಕೊಶಿಗಾಯಾ ಕಳೆದ ಮೇಲೆ ಹಳಿಗಳು ಎರಡಾದವು, ಮನೆಗಳು ಬಿಡಿಬಿಡಿಯಾದವು, ಜನರೂ ಇಳಿಯುತ್ತ ಹೋದರು. ಕೊನೆಯ ಕೆಲವು ನಿಲ್ದಾಣಗಳ ನಡುವೆ ಎರಡೂ ಬದಿಗೆ ಕೊಯ್ಲಾದ ಭತ್ತದ ಗದ್ದೆಗಳು ಚಾಚಿಕೊಂಡಿದ್ದವು. ಕೂಳೆಯ ಸಾಲುಗಳ ಮೇಲೆ ಬೆಳ್ಳಕ್ಕಿಗಳು ಓಡಾಡುತ್ತಿದ್ದವು. ಹೊಲ ತೋಟಗಳ ಹೆಸರು ಹೊತ್ತ ಮಾರ್ಗದಲ್ಲಿ ನಾಲ್ಕು ದಿನ ಓಡಾಡಿದ ನನಗೆ, ಅಂಥ ಬಯಲು ಕಂಡದ್ದು ಇನ್ನೊಂದು ಸಂಸ್ಥೆಯ ಹಳಿಗಳ ಮೇಲೆ, ನಗರದ ಆ ತುದಿಯಲ್ಲಿ. ಮಿನಾಮಿ ಕುರಿಹಾಶಿಯಲ್ಲಿ ಇಳಿದು, ತಣ್ಣನೆಯ ಗಾಳಿಯಲ್ಲಿ ಕಟ್ಟೆಯ ತುದಿಯವರೆಗೆ ನಡೆದು ಬಂದೆ. ಹಿಂತಿರುಗಿ ನೋಡುವಷ್ಟರಲ್ಲಿ ಕಟ್ಟೆಯ ಫಲಕದಲ್ಲಿ ಮುಂದಿನ ಗಾಡಿಯ ಹೆಸರು ಮೂಡಿತ್ತು: ಚುಓ ರಿಂಕಾನ್. ಮಗಳು ಕಚೇರಿಯಿಂದ ಹೊರಡುವ ಹೊತ್ತಿಗೆ ನಗರದ ಮಧ್ಯದಲ್ಲಿ ಅವಳನ್ನು ಅದೇ ಗಾಡಿಗೆ ಹತ್ತಿಸಿಕೊಳ್ಳಬಹುದೆಂದು ಲೆಕ್ಕ ಹಾಕಿ, ಎಷ್ಟನೆಯ ಬೋಗಿಯಲ್ಲಿದ್ದೇನೆಂದು ಅವಳಿಗೆ ಬರೆದು ಕಳಿಸಿ, ಕಿಟಕಿಯ ಪಕ್ಕದಲ್ಲಿ ಎರಡು ಜಾಗ ನೋಡಿ ಕೂತೆ.